ಶೆಟ್ಟೆಪ್ಪ ಹೊಲಿದ ರೋಗ

ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಒಮ್ಮೆ ಶೆಟ್ಟೆಪ್ಪ ಹೊಡೆತ ತಿನ್ನುವುದರಲ್ಲಿದ್ದ. ವಡಾಲದಲ್ಲಿ ಹತ್ತಿ ಕೂತವನಿಗೆ ಎದುರು ನಿಂತವನ ಆಫೀಸ್ ಬ್ಯಾಗು ಕಣ್ಣಿಗೆ ಬಿತ್ತು. ಹೊಸ ಬ್ಯಾಗು, ಬಣ್ಣವೂ ಚೆನ್ನಾಗಿತ್ತು. ಆದರೆ ಹೆಗಲ ಪಟ್ಟಿಯ ಹೊಲಿಗೆ ಅರ್ಧ ದಾರಿಯಲ್ಲಿ ಎಡಕ್ಕೆ ವಾಲಿ, ಏನೋ ನೆನಪಾದಂತೆ ಮತ್ತೆ ಬಲಕ್ಕೆ ಬಂದಿತ್ತು. ಶೆಟ್ಟೆಪ್ಪ ಕಿಟಕಿಯ ಹೊರಗೆ ನೋಡಿದ, ಕಣ್ಣು ಮುಚ್ಚಿ ನೋಡಿದ, ಆಗಲಿಲ್ಲ. ಎದ್ದು ಆ ಪಟ್ಟಿಯನ್ನು ಹೆಬ್ಬೆರಳಿನಿಂದ ಸವರಿದ. ಬ್ಯಾಗಿನವನು ಚೋರ್ ಎಂದು ಕೂಗಿದ, ಸುತ್ತಲಿದ್ದವರು ಶೆಟ್ಟೆಪ್ಪನ ಕಾಲರ್ ಹಿಡಿದರು. "ಚೋರಿ ನಹೀ ಭಾಯ್, ಸಿಲಾಯಿ ದೇಖ್ ರಹಾ ಥಾ" ಎಂದು, ಕದಿಯಲಿಲ್ಲ, ಹೊಲಿಗೆ ನೋಡುತ್ತಿದ್ದೆ ಎಂದು ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಜೊತೆಗಿದ್ದ ಹೆಂಡತಿ ಮಲ್ಲಕ್ಕ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ಬೇರೆ ಯಾರದೋ ಹೆಂಡತಿಯಂತೆ ಕೂತಿದ್ದಳು. ಕುರ್ಲಾ ಬಂದ ಮೇಲೆಯೇ ಅವಳು ಎದ್ದು, "ಬಿಡ್ರೆಪಾ, ಇವರಿಗೆ ಇದೊಂದು ರೋಗ ಅದ" ಎಂದು ಬಿಡಿಸಿಕೊಂಡು ಬಂದದ್ದು.

ರೋಗವೆಂದರೆ ರೋಗವೇ. ಆಳಂದದ ಕಡೆಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಧಾರಾವಿಗೆ ಬಂದು, ಯಾರದೋ ಕಾರ್ಖಾನೆಯಲ್ಲಿ ನೆಲದ ಮೇಲೆ ಕೂತು ಬ್ಯಾಗು ಹೊಲಿಯುವುದನ್ನು ಕಲಿತವನು ಶೆಟ್ಟೆಪ್ಪ. ಈಗ ಅವನದೇ ಒಂದು ಮಾಳಿಗೆ, ಅವನದೇ ಮಷಿನ್. ಶಾಲೆಯ ಮಕ್ಕಳ ಬ್ಯಾಗು, ಲ್ಯಾಪ್‌ಟಾಪ್ ಬ್ಯಾಗು, ಮೆಡಿಕಲ್ ಕಂಪನಿಯವರು ಡಾಕ್ಟರರಿಗೆ ಹಂಚುವ ಬ್ಯಾಗು, ಏನೇ ಇರಲಿ ಅವನ ಹೊಲಿಗೆ ರೈಲಿನ ಹಳಿಯಂತೆ ಹೋಗುತ್ತಿತ್ತು. ಅಷ್ಟಾಗಿದ್ದರೆ ಒಳ್ಳೆಯದೇ. ಆದರೆ ಬೀಗರ ಮನೆಗೆ ಹೋದರೆ ಗೋಡೆಯ ಫೋಟೋ ನೆಟ್ಟಗೆ ಮಾಡಿಯೇ ಕೂರುವವನು. ಮದುವೆಯ ಮಂಟಪದಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಮುಂದೆ ಹೋಗಿ ಮದುಮಗನ ಬಾಸಿಂಗ ಸರಿಮಾಡಿ ಬಂದವನು. ಮನೆಯಲ್ಲಿ ರೊಟ್ಟಿ ದುಂಡಗಿಲ್ಲದಿದ್ದರೆ ಮೊದಲು ಸೊಟ್ಟ ಕಡೆಯಿಂದ ಮುರಿದು ತಿಂದು ದುಂಡಗೆ ಮಾಡಿಕೊಂಡು, ಆಮೇಲೆ ಊಟಕ್ಕೆ ಶುರುಮಾಡುತ್ತಿದ್ದ. ಮಲ್ಲಕ್ಕನನ್ನಂತೂ ಮಷಿನ್ ಹತ್ತಿರ ಬಿಡುತ್ತಿರಲಿಲ್ಲ. ಅವಳು ಒಮ್ಮೆ ಅವಸರದ ಆರ್ಡರಿಗೆ ಕೈಜೋಡಿಸಲು ಹೋಗಿ ಜೇಬನ್ನು ತಲೆಕೆಳಗಾಗಿ ಹೊಲಿದಿದ್ದಳು. "ನಿನ್ನ ಹೊಲಿಗಿ ಕೋಳಿ ಅಂಗಳದಾಗ ಅಡ್ಡಾಡಿದಂಗ ಹೋಗ್ತದ" ಎಂದು ಆವತ್ತು ಹೇಳಿದ ಮಾತನ್ನು ಅವಳು ಮರೆತಿರಲಿಲ್ಲ.

ಮಾಳಿಗೆಯ ಕೆಳಗೆ ನಬೀಸಾಬನ ಅಂಗಡಿ. ಬಕಲ್, ಝಿಪ್, ದಾರ, ಗುಂಡಿ ಮಾರುತ್ತಿದ್ದ. ಅವನೂ ಆಳಂದ ತಾಲೂಕಿನವನೇ, ಶೆಟ್ಟೆಪ್ಪನ ಜೊತೆ ಒಂದೇ ಕಾರ್ಖಾನೆಯಲ್ಲಿ ದುಡಿದವನು. ಅವನ ತಂಗಿಯ ಮಗಳು ನಜ್ಮಾ ಗೋರೆಗಾಂವ್‌ನಲ್ಲಿ ಬೆಳೆದು, ಓದಿ ಓದಿ ಡಾಕ್ಟರಾಗಿದ್ದಳು. ರೋಗಿಗಳನ್ನು ನೋಡುವ ಡಾಕ್ಟರಲ್ಲ. ಖಾಡಿಯ ಹಿನ್ನೀರಿನಾಚೆ ಇದ್ದ ಒಂದು ಕ್ಯಾನ್ಸರ್ ಸಂಶೋಧನಾಲಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವ ಡಾಕ್ಟರು. ಒಂದು ಮಧ್ಯಾಹ್ನ ನಬೀಸಾಬ ಅವಳನ್ನು ಕರೆದುಕೊಂಡು ಏಣಿ ಹತ್ತಿ ಬಂದ.

"ಶೆಟ್ಟೆಪ್ಪ, ನಮ್ಮ ಹುಡುಗಿಗೆ ಒಂದು ಕೆಲಸ ಆಗಬೇಕಾಗ್ಯದ. ಬಂಬೈದಾಗ ನಿನ್ನ ಬಿಟ್ರ ಯಾರಿಗೂ ಆಗೂದಿಲ್ಲ ಅಂತ ಹೇಳೀನಿ. ಮರ್ಯಾದಿ ಉಳಸು."

ನಜ್ಮಾ ಕನ್ನಡವನ್ನು ಒಡೆದ ಪಿಂಗಾಣಿ ಜೋಡಿಸಿದಂತೆ ಜೋಡಿಸಿ ಮಾತಾಡಿದಳು. "ಕಾಕಾ, ನನ್ನ ಕನ್ನಡ ಥೋಡಾ ಗಡಬಡ್ ಅದ. ನಮ್ಮ ಹೊಟ್ಟಿ ಹಿಂದೆ ಒಂದು ಗ್ರಂಥಿ ಇರ್ತದ. ಪ್ಯಾಂಕ್ರಿಯಾಸ್. ಕನ್ನಡದಾಗ ಮೇದೋಜ್ಜೀರಕ."

"ಮೇದೋ ಜೀರಿಗಿ," ಎಂದ ಶೆಟ್ಟೆಪ್ಪ.

"ಹಾಂ, ಅದೇ. ಅದರೊಳಗೆ ಸಣ್ಣ ಸಣ್ಣ ಪೈಪ್ ಇರ್ತಾವ, ಪಚನ ಮಾಡೋ ರಸ ಹರೀತದ. ಆ ಪೈಪಿನ ಒಳಗೆ ಸೆಲ್‌ಗಳು ಸಾಲಾಗಿ ಕೂತಿರ್ತಾವ. ಕ್ಯಾನ್ಸರ್ ಆಗೋವಾಗ ಅವುಗಳ ಆಕಾರ ಹೆಂಗ ಕೆಡ್ತದ ಅಂತ ಜನರಿಗೆ ತೋರಿಸಬೇಕು. ದೀಪಾವಳಿ ಮುಂಚೆ ಪ್ರದರ್ಶನ ಅದ. ಚಿತ್ರ ಹಾಕಿದ್ರ ಯಾರೂ ನೋಡಲ್ಲ. ದೊಡ್ಡ ದೊಡ್ಡ ಸೆಲ್ ಬೇಕು. ರೆಕ್ಸಿನ್, ಫೋಮ್ ಹಾಕಿ. ಮುಟ್ಟಬೇಕು, ತಬ್ಬಿಕೊಳ್ಳಬೇಕು, ಐಸಾ."

ಕ್ಯಾನ್ಸರನ್ನು ಯಾಕೆ ತಬ್ಬಿಕೊಳ್ಳಬೇಕೋ ಶೆಟ್ಟೆಪ್ಪನಿಗೆ ತಿಳಿಯಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ಯಾರೂ ಅವನಲ್ಲಿಗೆ ಬ್ಯಾಗಲ್ಲದ ವಸ್ತುವನ್ನು ಕೇಳಿಕೊಂಡು ಬಂದಿರಲಿಲ್ಲ. ಆಗಲಿ ಎಂದ.

ನೋಡದೆ ಹೊಲಿಯುವುದು ಹೇಗೆ ಎಂದು ಒಂದು ದಿನ ಅವಳೇ ಅವನನ್ನು ಸಂಶೋಧನಾಲಯಕ್ಕೆ ಕರೆಸಿಕೊಂಡಳು. ಮೈಕ್ರೋಸ್ಕೋಪಿನ ಮುಂದೆ ಕೂತ ಶೆಟ್ಟೆಪ್ಪ ಉಸಿರು ಬಿಗಿಹಿಡಿದು ನೋಡಿ, "ಕೂದಲ ಕಾಣಸ್ತಾವ್ರಿ, ದಪ್ಪನವು" ಎಂದ. ಅವು ಅವನದೇ ರೆಪ್ಪೆಗಳು. ನಜ್ಮಾ ಅವನ ತಲೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದಳು.

ಆಗ ಕಂಡಿತು. ಗುಲಾಬಿ ಬಣ್ಣದ ಗುಂಡಗಿನ ಪೈಪು, ಅದರ ಒಳಸುತ್ತಿಗೆ ಗಿಡ್ಡ ಗಿಡ್ಡ ಕೋಶಗಳ ಒಂದೇ ಸಾಲು. ಪ್ರತಿಯೊಂದರ ಬುಡದಲ್ಲಿ ನೀಲಿ ಉಂಡೆ, ಎಲ್ಲಾ ಉಂಡೆಗಳೂ ಒಂದೇ ಮಟ್ಟದಲ್ಲಿ, ಒಂದೇ ಅಳತೆಯಲ್ಲಿ. ಶೆಟ್ಟೆಪ್ಪ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಯಾರ ಕೆಲಸರಿ ಇದು?" ಎಂದು ಕೇಳಿದ.

"ಯಾರದ್ದೂ ಅಲ್ಲ ಕಾಕಾ. ನಿಮ್ಮೊಳಗೂ ಹಿಂಗೇ ಅದ."

ಶೆಟ್ಟೆಪ್ಪ ತನ್ನ ಹೊಟ್ಟೆಯನ್ನು ಮೊದಲ ಬಾರಿಗೆ ಗೌರವದಿಂದ ನೋಡಿಕೊಂಡ. ಆ ಉಂಡೆಗೆ ನ್ಯೂಕ್ಲಿಯಸ್ ಎನ್ನುತ್ತಾರೆಂದೂ, ಇಲ್ಲಿ ಕಾಣದಿದ್ದರೂ ಪ್ರತಿ ಕೋಶದ ನೆತ್ತಿಯ ಮೇಲೆ ಒಂದು ಎಳೆ ಕೂದಲು ಇರುತ್ತದೆಂದೂ, ಅದು ಆಂಟೆನಾದಂತೆ ರಸದ ಹರಿವನ್ನು ಕೋಶಕ್ಕೆ ತಿಳಿಸುತ್ತದೆಂದೂ ನಜ್ಮಾ ಹೇಳಿದಳು. ಆಮೇಲೆ ಗಾಜು ಬದಲಿಸಿ ಬೇರೆ ಬೇರೆಯವನ್ನು ತೋರಿಸಿದಳು. ಒಂದರಲ್ಲಿ ಕೋಶಗಳು ಉದ್ದುದ್ದ ಬೆಳೆದಿದ್ದವು. ಇನ್ನೊಂದರಲ್ಲಿ ಉಂಡೆಗಳು ಬುಡ ಬಿಟ್ಟು ಒಂದರ ಮೇಲೊಂದು ಹತ್ತಿ ನೂಕಾಡುತ್ತಿದ್ದವು. ಕೊನೆಯದರಲ್ಲಿ ಸಾಲೇ ಇರಲಿಲ್ಲ. ಒಂದು ಉಂಡೆ ಕಡಲೆಯಷ್ಟು, ಅದರ ಪಕ್ಕದ್ದು ನಿಂಬೆಯಷ್ಟು. ಆಂಟೆನಾಗಳು ಉದುರಿಹೋಗಿರುತ್ತವೆ ಎಂದಳು. ಒಂದು ಕೋಶ ಎರಡಾಗುವಾಗ ಈ ಕಡೆಯಿಂದ ಒಬ್ಬ, ಆ ಕಡೆಯಿಂದ ಒಬ್ಬ ಜಗ್ಗಿ ಸಮನಾಗಿ ಪಾಲು ಮಾಡಬೇಕು. ಇಲ್ಲಿ ಜಗ್ಗುವವರು ಮೂರೋ ನಾಲ್ಕೋ ಆಗಿ ಪಾಲು ಹೆಚ್ಚುಕಡಿಮೆಯಾಗುತ್ತದೆ ಎಂದಳು. ಅಣ್ಣತಮ್ಮಂದಿರ ಪಾಲಿನ ಜಗಳ ನೋಡಿದ್ದ ಶೆಟ್ಟೆಪ್ಪನಿಗೆ ಅದು ಮಾತ್ರ ಪೂರ್ತಿ ತಿಳಿಯಿತು.

"ಇಂಥ ಕೆಲಸ ನನ್ನ ಮಾಳಗ್ಯಾಗ ಯಾರರೆ ಮಾಡಿದ್ರ ಕೈ ಹಿಡದು ಹೊರಗ ಹಾಕ್ತಿದ್ದೆ," ಎಂದು ಅವನು ಎದ್ದ.

ಗೇಟಿನ ಹೊರಗೆ ಬಸ್ ಸ್ಟಾಪಿನಲ್ಲಿ ಸಂಗಪ್ಪ ನಿಂತಿದ್ದ. ಶೆಟ್ಟೆಪ್ಪನ ಗಲ್ಲಿಯ ಕಿರಾಣಿ ಅಂಗಡಿಯವನು. ಸೊಸೆಯ ತವರಿಗೆ ಹೋಗಿ ಬರುತ್ತಿದ್ದ ಅವನು ಮೊದಲು ಗೇಟಿನ ಮೇಲಿನ ಬೋರ್ಡನ್ನೂ ಆಮೇಲೆ ಶೆಟ್ಟೆಪ್ಪನ ಮುಖವನ್ನೂ ನೋಡಿದ.

"ಏನ್ ಶೆಟ್ಟೆಪ್ಪಣ್ಣ, ಇಲ್ಲಿ?"

"ಒಳಗ ಕರಸಿದ್ರು. ಆ ಮೇದೋ ಜೀರಿಗಿದು."

"ಜೀರಿಗಿದಾ?"

"ಹೂಂ, ಹೊಟ್ಟಿ ಹಿಂದ ಇರ್ತದಲ್ಲ. ಯಂತ್ರದಾಗ ತೋರಿಸಿದ್ರು. ಪೂರಾ ಕೆಟ್ಟುಹೋಗ್ಯದ."

ಸಂಗಪ್ಪ ದನಿ ತಗ್ಗಿಸಿ, "ಮನ್ಯಾಗ ಗೊತ್ತದಾ?" ಎಂದ.

"ಗೊತ್ತದ. ಅಕಿಗೇನು, ಜಾಗಾ ಎಲ್ಲಿ ಮಾಡೂದು ಅನ್ನೂದೊಂದೇ ಚಿಂತಿ."

"ಅಷ್ಟು ದೊಡ್ಡದದಾ?"

"ಬಾಗಿಲದಾಗ ಹಿಡಿಸೂದಿಲ್ಲ. ತುಂಡು ತುಂಡು ಮಾಡೇ ಇಳಸಬೇಕಾಗ್ತದ."

"ಮತ್ತ ಡಾಕ್ಟರು ಏನಂತಾರ?"

"ದೀಪಾವಳಿ ಒಳಗ ಮುಗೀಬೇಕು ಅಂತ ಹೇಳ್ಯಾರ," ಎಂದು ಶೆಟ್ಟೆಪ್ಪ ಬಸ್ಸು ಬರುತ್ತಿದೆಯೇ ಎಂದು ರಸ್ತೆ ನೋಡಿದ. ಸಂಗಪ್ಪ ಅವನ ಕೈ ಹಿಡಿದು ಬಸ್ಸು ಹತ್ತಿಸಿದ, ಕಿಟಕಿಯ ಸೀಟು ಬಿಟ್ಟುಕೊಟ್ಟ, ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಗಲ್ಲಿಯಲ್ಲಿ ಮಾತ್ರ ಬೇಕಾದಷ್ಟು ಆಡಿದ. ಮರುದಿನದಿಂದ ಶೆಟ್ಟೆಪ್ಪನ ಮಾಳಿಗೆಗೆ ಜನ ಏಣಿ ಹತ್ತಿ ಬರತೊಡಗಿದರು. ಒಬ್ಬರು ಎಳನೀರು ತಂದರು, ಒಬ್ಬರು ಸೇಬು ತಂದರು. ಎದುರು ಮನೆಯ ನೀಲಾಬಾಯಿ, ಅವನ ಮಷಿನ್ ಸದ್ದಿಗೆ ದಿನಾ ಶಾಪ ಹಾಕುತ್ತಿದ್ದವಳು, ಗಂಜಿ ಮಾಡಿ ತಂದು, "ಹೊಲೀರಿ, ಎಷ್ಟು ಬೇಕೋ ಅಷ್ಟು ಹೊಲೀರಿ" ಎಂದು ಕಣ್ಣೊರೆಸಿಕೊಂಡಳು. ವಿಜ್ಞಾನದ ಕೆಲಸ ಸಿಕ್ಕಿದ್ದಕ್ಕೆ ಗಲ್ಲಿ ತನಗೆ ಇಷ್ಟು ಮರ್ಯಾದೆ ಕೊಡುತ್ತಿದೆ ಎಂದು ಶೆಟ್ಟೆಪ್ಪ ತಿಳಿದ. ಬಂದವರ ಮುಂದೆ ವಿನಯದಿಂದ, "ನಂದೇನದ, ಎಲ್ಲಾ ಮ್ಯಾಲಿನವನ ಇಚ್ಛಾ" ಎನ್ನುತ್ತಿದ್ದ. ಅವರು ಇನ್ನಷ್ಟು ಅತ್ತರು.

ಸುದ್ದಿಯ ಇನ್ನೊಂದು ಕವಲು ಬೇರೆ ಕಡೆ ಹರಿಯಿತು. ಶೆಟ್ಟೆಪ್ಪನಿಗೆ ಬಂದಿರುವುದು ಜೀರಿಗೆ ಕ್ಯಾನ್ಸರ್, ಅದು ಜೀರಿಗೆ ತಿನ್ನುವುದರಿಂದ ಬರುತ್ತದೆ ಎಂದಾಯಿತು. ಗಲ್ಲಿಯ ಹೆಂಗಸರು ಒಗ್ಗರಣೆಗೆ ಬರೀ ಸಾಸಿವೆ ಹಾಕತೊಡಗಿದರು. ಸಂಗಪ್ಪನ ಅಂಗಡಿಯಲ್ಲಿ ಜೀರಿಗೆಯ ಡಬ್ಬಿ ತುಂಬಿದ್ದು ತುಂಬಿದಂತೆಯೇ ಉಳಿಯಿತು. ಸುದ್ದಿ ಹಬ್ಬಿಸಿದವನೇ ಈಗ ಗಿರಾಕಿಗಳಿಗೆ ಜೀರಿಗೆಯ ಗುಣಗಳನ್ನು ಹೇಳುತ್ತಾ ಕೂರಬೇಕಾಯಿತು.

ಶೆಟ್ಟೆಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಅವನ ಸಂಕಟ ಬೇರೆ. ನಜ್ಮಾ ಕೇಳಿದ್ದು ನಾಲ್ಕು ಸಾಲು. ಮೊದಲನೆಯದು ಆರೋಗ್ಯದ್ದು. ಅದನ್ನು ಅವನು ಹಬ್ಬದಂತೆ ಹೊಲಿದ. ಗುಲಾಬಿ ರೆಕ್ಸಿನ್ನಿನ ಕೋಶಗಳು, ನೀಲಿ ಮಖಮಲ್ಲಿನ ಉಂಡೆಗಳು, ನೆತ್ತಿಗೊಂದು ಪ್ಲಾಸ್ಟಿಕ್ ತಂತಿಯ ಆಂಟೆನಾ, ತಳಕ್ಕೆ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುವ ಕ್ಯಾನ್ವಾಸಿನ ಪಟ್ಟಿ. ಆ ಪಟ್ಟಿ ಮೈಯೊಳಗೂ ಇರುತ್ತದಂತೆ, ಕೋಶಗಳು ಅದನ್ನು ದಾಟಬಾರದಂತೆ. ಎರಡನೆಯ ಸಾಲು, ಉದ್ದ ಬೆಳೆದದ್ದು, ಅದೂ ಆಯಿತು, ಉದ್ದವಾದರೇನು, ನೆಟ್ಟಗಿತ್ತಲ್ಲ. ಮೂರನೆಯದನ್ನು ಹಲ್ಲು ಕಚ್ಚಿ ಮುಗಿಸಿದ. ನಾಲ್ಕನೆಯದಕ್ಕೆ ಬಂದಾಗ ಕೈ ನಿಂತಿತು.

ಮೊದಲ ಸಲ ಹೊಲಿದದ್ದನ್ನು ನೋಡಿ ನಜ್ಮಾ, "ಕಾಕಾ, ಇದು ಕ್ಯಾನ್ಸರ್ ಅಲ್ಲ, ಸೋಫಾ ಅದ" ಎಂದಳು. ಎರಡನೆಯ ಸಲ ಅವನು ಗಟ್ಟಿ ಮನಸ್ಸು ಮಾಡಿ ಪ್ರತಿ ಉಂಡೆಯನ್ನೂ ಓರೆಯಾಗಿ ಕೂರಿಸಿದ. ಆದರೆ ಎಲ್ಲವೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಓರೆಯಾಗಿದ್ದವು; ಒಂದು ದೊಡ್ಡದು, ಒಂದು ಸಣ್ಣದು, ಮತ್ತೊಂದು ದೊಡ್ಡದು, ಮತ್ತೊಂದು ಸಣ್ಣದು ಎಂದು ಮದುವೆಯ ತೋರಣದಂತಿತ್ತು. ಮೂರನೆಯ ಸಲ ಎಡಗೈಯಲ್ಲಿ ಹೊಲಿದ. ಎಡಗೈಗೂ ಅಭ್ಯಾಸವಾಗಿಬಿಟ್ಟಿತ್ತು. ಕಣ್ಣು ಮುಚ್ಚಿ ಹೊಲಿದ. ಬೆರಳಿಗೆ ಸೂಜಿ ಚುಚ್ಚಿತೇ ಹೊರತು ಹೊಲಿಗೆ ನೆಟ್ಟಗೇ ಹೋಯಿತು.

ಕೊನೆಗೆ ನಾಚಿಕೆ ಬಿಟ್ಟು ಹೆಂಡತಿಯ ಹತ್ತಿರ ಹೋದ. "ಏ ಇವಳ, ಒಂದೀಟು ಮಷಿನ್ ಮ್ಯಾಲ ಕೂಡು ಬಾ."

ಮಲ್ಲಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಗಂಡನನ್ನು ನೋಡಿದಳು. "ಯಾಕ? ಕೋಳಿ ಬೇಕಾಯ್ತೇನು?"

"ನಿನ್ನಂಗ ಹೊಲಿಯೋರು ಯಾರೂ ಇಲ್ಲ ಅಂತ ಖಾತ್ರಿ ಆಗ್ಯದ. ಬಾ."

ಅವಳು ಕೈ ತೊಳೆದು, ಸೆರಗು ಸಿಕ್ಕಿಸಿ, ದೇವರಿಗೆ ಕೈಮುಗಿದು ಮಷಿನ್ ಮುಂದೆ ಕೂತಳು. ಡಾಕ್ಟರ ಹುಡುಗಿ ನೋಡುವ ಕೆಲಸ, ನಾಲ್ಕು ಜನ ಕಲಿತವರು ನೋಡುವ ಕೆಲಸ. ಇಷ್ಟು ವರ್ಷ ಕೇಳಿಕೊಂಡ ಕೋಳಿಯ ಮಾತು ಬೇರೆ ನೆನಪಿತ್ತು. ನಾಲಿಗೆ ಕಚ್ಚಿಕೊಂಡು, ಒಂದೊಂದೇ ಟಾಕಾ ಹಾಕುತ್ತಾ ಹೊಲಿದಳು. ಮುಗಿದ ಮೇಲೆ ಶೆಟ್ಟೆಪ್ಪ ಬಟ್ಟೆ ಎತ್ತಿ ಬೆಳಕಿಗೆ ಹಿಡಿದ. ಹೊಲಿಗೆ ಬಾಣದಂತೆ ನೆಟ್ಟಗಿತ್ತು.

"ನೋಡ್ರಿ," ಎಂದಳು ಮಲ್ಲಕ್ಕ.

ಶೆಟ್ಟೆಪ್ಪ ನೆಲದ ಮೇಲೆ ಕೂತು ತಲೆ ಹಿಡಿದುಕೊಂಡ. ಇಷ್ಟು ವರ್ಷ ಕಾದಿದ್ದ ಹೊಲಿಗೆ ಬರಬಾರದ ಹೊತ್ತಿಗೆ ಬಂದಿತ್ತು.

ಮಲ್ಲಕ್ಕನ ತಮ್ಮ ಸೋಮನಾಥ ಊರಿನಿಂದ ಬಂದಿಳಿದದ್ದು ಅದರ ಮಾರನೆಯ ಬೆಳಿಗ್ಗೆ. ಧಾರಾವಿಯ ಸುದ್ದಿ ಫೋನಿನಲ್ಲಿ ಆಳಂದ ಮುಟ್ಟಿ, ಅಲ್ಲಿ ಇನ್ನಷ್ಟು ಬಲಿತಿತ್ತು. ಅವನು ಒಂದು ಕೈಯಲ್ಲಿ ಯಾವುದೋ ಬೇರಿನ ಪುಡಿಯ ಪೊಟ್ಟಣ, ಇನ್ನೊಂದರಲ್ಲಿ ಕರವಸ್ತ್ರ ಹಿಡಿದು ಏಣಿ ಹತ್ತಿದ. ಮಾಳಿಗೆಯಲ್ಲಿ ನೆಲದ ಮೇಲೆ ಒಂದು ದೇಹ ಮಲಗಿತ್ತು. ಮೇಲೆ ಬಿಳಿ ಕ್ಯಾನ್ವಾಸು ಮುಚ್ಚಿತ್ತು. ಎರಡು ಪಾದಗಳು ಮಾತ್ರ ಹೊರಗಿದ್ದವು.

ಸೋಮನಾಥ ಆ ಪಾದಗಳ ಮೇಲೆ ಬಿದ್ದು, "ಮಾವಾ, ನಾ ಬರೂತನಕಾರೆ ತಡೀಬಾರ್ದಿತ್ತಾ" ಎಂದು ಗೋಳಾಡಿದ.

ಪಾದಗಳು ಅವನನ್ನು ಒದ್ದವು. "ಯಾವನಲೇ ಅವ, ಟಾಕಾ ತಪ್ಪತು," ಎಂದು ಕ್ಯಾನ್ವಾಸಿನೊಳಗಿಂದ ದನಿ ಬಂತು. ಶೆಟ್ಟೆಪ್ಪ ತಳದ ಪಟ್ಟಿಯನ್ನು ಕೆಳಗಿನಿಂದ ಹೊಲಿಯಲು ಅದರಡಿ ತೂರಿಕೊಂಡಿದ್ದ.

ಮಲ್ಲಕ್ಕ ಓಡಿ ಬಂದಳು. ಯಾರಿಗೆ ಏನಾಗಿದೆ, ಯಾರು ಸತ್ತರು, ಯಾರು ಹೇಳಿದರು ಎಂದು ಮೂವರೂ ಒಟ್ಟಿಗೆ ಕೇಳಿ, ಯಾರೂ ಉತ್ತರ ಹೇಳದೆ ಸ್ವಲ್ಪ ಹೊತ್ತು ಕಳೆಯಿತು. ಸದ್ದು ಕೇಳಿ ನಬೀಸಾಬ ಮೇಲೆ ಬಂದು ಒಂದೊಂದಾಗಿ ಬಿಡಿಸಿದ. ಬಸ್ ಸ್ಟಾಪಿನ ಮಾತನ್ನು ಶೆಟ್ಟೆಪ್ಪನಿಂದ ಎರಡು ಸಲ ಹೇಳಿಸಿ ಕೇಳಿ, ಗೋಡೆಗೊರಗಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಶೆಟ್ಟೆಪ್ಪ ಮಾತ್ರ ನಗಲಿಲ್ಲ. ಮೂಲೆಯಲ್ಲಿದ್ದ ಎಳನೀರಿನ ರಾಶಿಯನ್ನು ನೋಡಿ, "ಹಂಗಾರ ಇವು ಕೆಲಸಕ್ಕ ಕೊಟ್ಟಿದ್ದಲ್ಲ," ಎಂದ.

ಮಲ್ಲಕ್ಕನಿಗೆ ಬೇರೊಂದು ಹೊಳೆಯಿತು. "ಅದಕ್ಕ ನಳದ ಮುಂದ ಎಲ್ಲಾರೂ ನನಗ ಪಾಳಿ ಬಿಟ್ಟುಕೊಟ್ಟಿದ್ದು." ಸ್ವಲ್ಪ ಯೋಚಿಸಿ ತಮ್ಮನಿಗೆ ಹೇಳಿದಳು, "ನಾಳಿ ನೀರು ಬಂದು ಹೋಗೂತನಕ ಯಾರಿಗೂ ಹೇಳಬ್ಯಾಡ."

ಹೇಳಲಿಲ್ಲ. ಮರುದಿನ ನೀರು ತುಂಬಿದ ಮೇಲೆ ಅವಳೇ ಗಲ್ಲಿಯ ನಡುವೆ ನಿಂತು, ತನ್ನ ಗಂಡನಿಗೆ ಏನೂ ಆಗಿಲ್ಲ, ಅವನು ರೋಗ ಹೊಲಿಯುತ್ತಿದ್ದಾನೆಯೇ ಹೊರತು ಅವನಿಗೆ ರೋಗವಿಲ್ಲ, ಜೀರಿಗೆ ತಿಂದರೆ ಏನೂ ಆಗುವುದಿಲ್ಲ ಎಂದು ಸಾರಿದಳು. ನೀಲಾಬಾಯಿ ಗಂಜಿಯ ಪಾತ್ರೆ ವಾಪಸ್ ಕೇಳಿದಳು. ಸಂಗಪ್ಪ ಅಂಗಡಿಯ ಒಳಗೆ ಏನನ್ನೋ ಹುಡುಕುತ್ತಾ ಬಹಳ ಹೊತ್ತು ಬಗ್ಗಿಯೇ ಇದ್ದ.

ಆ ಸಂಜೆ ರೊಟ್ಟಿ ಹಾಕುತ್ತಾ ಮಲ್ಲಕ್ಕ, "ಖರೇನ ಆಗಿದ್ರ?" ಎಂದಳು.

"ಏನು?"

"ಏನಿಲ್ಲ, ಉಣ್ರಿ." ಆವತ್ತು ಅವಳು ಅವನ ತಟ್ಟೆಗೆ ಹಾಕಿದ ರೊಟ್ಟಿ ಒಂದು ಕಡೆ ಉಬ್ಬಿ ಒಂದು ಕಡೆ ತಗ್ಗಿತ್ತು. ಶೆಟ್ಟೆಪ್ಪ ನೋಡಿದ, ಕೈ ಹಾಕಿದ, ನಡುವಿನಿಂದಲೇ ಮುರಿದು ತಿಂದ.

ನಾಲ್ಕನೆಯ ಸಾಲಿನ ಗಂಟು ಬಿಚ್ಚಿದ್ದು ನಜ್ಮಾಳ ಒಂದು ಮಾತಿನಿಂದ. ದಿನ ಹತ್ತಿರವಾಗಿತ್ತು. ಅವಳು ಬಂದು, ತಿರಸ್ಕೃತವಾದ ಸಾಲುಗಳ ನಡುವೆ ಕಾಲು ಮಡಚಿ ಕೂತು, ಅವನು ಹೊಲಿಯುವುದನ್ನೇ ನೋಡುತ್ತಿದ್ದಳು.

"ಕಾಕಾ, ನೀವು ಬೇಕಂತ ಸೊಟ್ಟ ಮಾಡ್ತೀರಿ. ಸೆಲ್ ಬೇಕಂತ ಮಾಡಲ್ಲ. ಒಂದು ಛೋಟೀ ಗಲತಿ, ಸಣ್ಣ ತಪ್ಪು, ಆಗ್ತದ. ಯಾರೂ ಠೀಕ್ ಮಾಡಲ್ಲ. ಅದು ಹಂಗೇ ಇದ್ದು ಮುಂದಿನದು ಅದರ ಮೇಲೆ ಬರ್ತದ. ಭಾಳ ಸಲ ಅಲ್ಲಿಗೇ ನಿಲ್ತದ, ಏನೂ ಆಗಲ್ಲ. ಕಭೀ ಕಭೀ ನಿಲ್ಲಲ್ಲ. ವರ್ಷಗಟ್ಟಲೆ ಹಿಡೀತದ. ಒಂದೇ ದಿನದಾಗ ಯಾವ ಸೆಲ್ಲೂ ಹಿಂಗ ಆಗಲ್ಲ."

ಶೆಟ್ಟೆಪ್ಪನ ಕಾಲು ಮಷಿನ್ನಿನ ಪೆಡಲ್ ಮೇಲೆ ನಿಂತಿತು. ಸೊಟ್ಟ ಹೊಲಿಯುವುದು ಅವನಿಗೆ ಆಗದು. ಆದರೆ ತಪ್ಪಿದ್ದನ್ನು ಬಿಚ್ಚದೆ ಇರುವುದು? ಅದನ್ನು ಅವನು ಈವರೆಗೆ ಮಾಡಿ ನೋಡಿರಲಿಲ್ಲ.

ಅವನು ಮಲ್ಲಕ್ಕನನ್ನು ಕರೆದ. "ಬ್ಲೇಡು ಇಸಗೊ. ಚಾಕ್ ಇಸಗೊ. ಆ ಸ್ಕೇಲೂ ಇಸಗೊ. ನಾ ಕೇಳಿದ್ರೂ ಕೊಡಬ್ಯಾಡ."

ಮಲ್ಲಕ್ಕ ಹೊಲಿಗೆ ಬಿಚ್ಚುವ ಬ್ಲೇಡು, ಚಾಕ್, ಸ್ಕೇಲು ಎಲ್ಲವನ್ನೂ ಡಬ್ಬಿಗೆ ಹಾಕಿ ಅದರ ಮೇಲೆ ಕೂತಳು. ಶೆಟ್ಟೆಪ್ಪ ಮೊದಲ ಕೋಶವನ್ನು ಕತ್ತರಿಸಿದ. ಕತ್ತರಿ ಒಂದು ನೂಲಿನಷ್ಟು ಜಾರಿತು, ಯಾರಿಗೂ ಕಾಣದಷ್ಟು. ಅವನಿಗೆ ಕಂಡಿತು. ಕೈ ತಾನಾಗಿ ಬ್ಲೇಡು ಇರುತ್ತಿದ್ದ ಕಡೆಗೆ ಹೋಯಿತು.

"ಇಲ್ಲ," ಎಂದಳು ಮಲ್ಲಕ್ಕ.

ಮುಂದಿನ ಕೋಶವನ್ನು ಅಳತೆ ಹಿಡಿಯದೆ ಮೊದಲನೆಯದರ ಅಂಚಿಗೆ ಹೊಂದಿಸಿ ಕತ್ತರಿಸಿದ. ಅದು ಇನ್ನಷ್ಟು ಜಾರಿತು. ಮೂರನೆಯದು ಎರಡನೆಯದಕ್ಕೆ ಹೊಂದಬೇಕು, ನಾಲ್ಕನೆಯದು ಮೂರನೆಯದಕ್ಕೆ. ಒಂದು ಕಡೆ ಬಟ್ಟೆ ಉಳಿಯಿತು, ಉಳಿದಲ್ಲಿ ಫೋಮ್ ಹೆಚ್ಚು ತುಂಬಿತು. ಇನ್ನೊಂದು ಕಡೆ ಸಾಲಲಿಲ್ಲ, ಉಂಡೆ ಮೇಲಕ್ಕೆ ಎದ್ದಿತು. ಅವನ ಬೆನ್ನು ಬೆವರಿತು. ಒಮ್ಮೆ ಎದ್ದು ಹೋಗಿ ಕಿಟಕಿಯಲ್ಲಿ ನಿಂತು ಗಾಳಿ ತೆಗೆದುಕೊಂಡ. ಒಮ್ಮೆ ಹೆಂಡತಿಯ ಮುಂದೆ ಕೈ ಚಾಚಿ, "ಇದೊಂದು ಟಾಕಾ, ಇದೊಂದೇ" ಎಂದು ಬೇಡಿದ. ಅವಳು ಡಬ್ಬಿಯ ಮೇಲೆ ಇನ್ನೂ ಭದ್ರವಾಗಿ ಕೂತಳು. "ಇಷ್ಟು ವರ್ಷ ನನಗ ಅಂದ್ರಲ್ಲ, ಈಗ ಹೊಲೀರಿ."

ಸಾಲು ಮುಗಿಯುತ್ತಾ ಬಂದಂತೆ ಅದು ಅವನ ಮಾತು ಕೇಳುವುದನ್ನು ಬಿಟ್ಟಿತು. ಕೋಶಗಳು ಒಂದರ ಮೈಮೇಲೊಂದು ಏರಿದವು. ಆಂಟೆನಾ ಸಿಕ್ಕಿಸಲು ನೆತ್ತಿಯೇ ಸಿಗಲಿಲ್ಲ. ಕೊನೆಯ ಟಾಕಾ ಹಾಕುವ ಹೊತ್ತಿಗೆ ಎಲ್ಲಾ ಕಡೆಯ ಎಳೆತ ಸೇರಿ ತಳದ ಕ್ಯಾನ್ವಾಸು ಒಂದೆಡೆ ಪರ್ರನೆ ಹರಿಯಿತು, ಒಂದು ಉಂಡೆ ಅದರೊಳಗಿಂದ ಆಚೆಗೆ ತಲೆ ಹಾಕಿತು. ಅದನ್ನು ಅವನು ಮಾಡಿರಲಿಲ್ಲ.

ನಜ್ಮಾ ಬಂದು ನೋಡಿದಳು. ಮೊಣಕಾಲೂರಿ ಹರಿದ ಜಾಗವನ್ನು ಮುಟ್ಟಿದಳು. "ಇದೇ ಕಾಕಾ. ಬಿಲ್ಕುಲ್ ಇದೇ."

"ಇದ್ದರ ಇರಲಿ," ಎಂದ ಶೆಟ್ಟೆಪ್ಪ. "ಇದರ ಮ್ಯಾಲ ನನ್ನ ಹೆಸರು ಹಾಕಬ್ಯಾಡ್ರಿ ಡಾಕ್ಟರವ್ವಾ. ಗಿರಾಕಿ ನೋಡ್ತಾರ."

ಬಾಗಿಲಲ್ಲಿ ಹಿಡಿಸಲಿಲ್ಲ. ತುಂಡು ತುಂಡು ಮಾಡಿಯೇ ಇಳಿಸಬೇಕಾಯಿತು. ಸೋಮನಾಥ ಏಣಿಯ ಕೆಳಗೆ, ಶೆಟ್ಟೆಪ್ಪ ಮೇಲೆ, ನಬೀಸಾಬ ನಡುವೆ ನಿಂತು ಹಿಂದಿ, ಕನ್ನಡ ಎರಡರಲ್ಲೂ ಬೈಯುತ್ತಾ ಕೋಶಗಳನ್ನು ಇಳಿಸಿದರು. ಅತಿ ದೊಡ್ಡ ಉಂಡೆ ಸೋಮನಾಥನ ಕೈ ತಪ್ಪಿ, ಗಲ್ಲಿಯ ಇಳಿಜಾರಿನಲ್ಲಿ ಉರುಳಿ, ಸಂಗಪ್ಪನ ಅಂಗಡಿಯ ಬೆಲ್ಲದ ಪೆಂಟೆಗೆ ಬಡಿದು ನಿಂತಿತು. ಸಂಗಪ್ಪ ಅದನ್ನು ಎರಡು ಬೆರಳಿನಲ್ಲಿ ಹಿಡಿದು ತಂದ.

"ಇದೇನಾ ಅದು?"

"ಇದೇ," ಎಂದ ಶೆಟ್ಟೆಪ್ಪ.

"ಮುಟ್ಟಿದ್ರ ಏನಾಗೂದಿಲ್ಲಲ್ಲ?"

"ಮಖಮಲ್ಲು ಅದ, ಹೊಲಸಾಗ್ತದ."

ಪ್ರದರ್ಶನ ವಡಾಲದ ಕಡೆಯ ಒಂದು ಕಾಲೇಜಿನ ಹಾಲ್‌ನಲ್ಲಿತ್ತು. ಶೆಟ್ಟೆಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಲ್ಲಕ್ಕನ ಜೊತೆ ಬಂದು, ಮೊದಲ ಸಾಲಿನ ಪಕ್ಕ ನಿಂತ. ಜನ ಬಂದರು, ಆರೋಗ್ಯದ ಕೋಶಗಳನ್ನು ಒಮ್ಮೆ ತಟ್ಟಿ ಮುಂದೆ ಹೋದರು. ಎಲ್ಲರೂ ಮುತ್ತಿದ್ದು ನಾಲ್ಕನೆಯ ಸಾಲಿಗೆ. ಮಕ್ಕಳು ಉಬ್ಬಿದ ಉಂಡೆಗಳ ಮೇಲೆ ಹತ್ತಿದರು, ಕಾಲೇಜಿನ ಹುಡುಗಿಯರು ಹರಿದ ಪಟ್ಟಿಯ ಮುಂದೆ ಸೆಲ್ಫಿ ತೆಗೆದುಕೊಂಡರು. "ಇಲ್ಲಿ ನೋಡ್ರಿ, ಈ ಹೊಲಿಗಿ ನೋಡ್ರಿ" ಎಂದು ಶೆಟ್ಟೆಪ್ಪ ಒಬ್ಬಿಬ್ಬರನ್ನು ಕರೆದ. ಅವರು ನಕ್ಕು ಆಚೆ ಹೋದರು. ನಾಲ್ಕನೆಯದನ್ನು ಯಾರು ಮಾಡಿದರು ಎಂದು ಕೇಳಿದವರಿಗೆ, ಗೊತ್ತಿಲ್ಲ ಎಂದ.

ಮಧ್ಯಾಹ್ನದ ಮೇಲೆ ಒಬ್ಬ ವಯಸ್ಸಾದವನು ಬಂದ. ಸುಭಾಷ ಎಂದು ಹೆಸರು, ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾದವನು, ವಡಾಲದಲ್ಲೇ ಮನೆ. ಅವನು ಎಲ್ಲರಂತೆ ನಾಲ್ಕನೆಯ ಸಾಲಿಗೆ ಓಡಲಿಲ್ಲ. ಮೊದಲಿನದರಿಂದ ಶುರುಮಾಡಿ ಪ್ರತಿ ಕೋಶವನ್ನೂ ಮುಟ್ಟುತ್ತಾ ಬಂದ. ಶೆಟ್ಟೆಪ್ಪ ಮಾತಾಡಿಸಿದ, ಕನ್ನಡದವನೇ ಎಂದು ತಿಳಿಯಿತು.

"ನಮ್ಮ ಮನಿಯಾಕಿಗೆ ಇದೇ ಆಗಿತ್ತು," ಎಂದ ಸುಭಾಷ. "ಬೆನ್ನು ನೋಯ್ತದ ಅಂತಿದ್ಳು. ನೀರಿನ ಕೊಡ ಎತ್ತತಾಳ, ಅದಕ್ಕ ಅಂತ ಎಣ್ಣಿ ತಿಕ್ಕತಿದ್ದೆ. ಇದರಾಗ ಮೊದಲ ಕೆಡೂದು ಯಾವುದ್ರಿ?"

ಶೆಟ್ಟೆಪ್ಪ ತನ್ನ ಸಾಲುಗಳನ್ನು ನೋಡಿದ. ಅವನೇ ಹೊಲಿದದ್ದು, ಪ್ರತಿ ಟಾಕಾ ಅವನಿಗೆ ಗೊತ್ತು. "ನನಗ ಗೊತ್ತಿಲ್ರಿ. ನಾ ಬ್ಯಾಗ್ ಹೊಲಿಯಾಂವ. ಬರ್ರಿ, ಡಾಕ್ಟರವ್ವನ್ನ ಕೇಳೂಣು."

ನಜ್ಮಾ ಇಬ್ಬರನ್ನೂ ಎರಡನೆಯ ಸಾಲಿನ ಮುಂದೆ ನಿಲ್ಲಿಸಿಕೊಂಡಳು. ಗ್ರಂಥಿ ಹೊಟ್ಟೆಯ ಹಿಂದೆ ಅಡಗಿರುವುದರಿಂದ ಶುರುವಿನಲ್ಲಿ ಸದ್ದು ಮಾಡುವುದಿಲ್ಲ, ಬೆನ್ನು ನೋವಿಗೆ ಎಣ್ಣೆ ತಿಕ್ಕಿದ್ದು ತಪ್ಪಲ್ಲ, ಯಾರಾದರೂ ಅದನ್ನೇ ಮಾಡುತ್ತಿದ್ದರು ಎಂದಳು. ಹೀಗೆ ಉದ್ದವಾದ ಕೋಶಗಳು ಎಷ್ಟೋ ಜನರಲ್ಲಿ ಸಾಯುವವರೆಗೂ ಸುಮ್ಮನೆ ಇರುತ್ತವೆ. ಯಾವುದು ಸುಮ್ಮನಿರುತ್ತದೆ, ಯಾವುದು ಮುಂದೆ ಹೋಗುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ. "ಅದನ್ನೇ ಹುಡುಕ್ತಾ ಇದ್ದೀವಿ ಅಂಕಲ್. ಇನ್ನೂ ಸಿಕ್ಕಿಲ್ಲ."

ಸುಭಾಷ ತಲೆಯಾಡಿಸಿದ. ಸ್ವಲ್ಪ ಹೊತ್ತು ನಾಲ್ಕನೆಯ ಸಾಲಿನ ದೊಡ್ಡ ಉಂಡೆಯ ಮೇಲೆ ಕೈಯಿಟ್ಟು ನಿಂತು, "ಮೆತ್ತಗದ" ಎಂದ. ಶೆಟ್ಟೆಪ್ಪ ಅವನ ತೋಳು ಹಿಡಿದು ಹೊರಗಿನ ಕ್ಯಾಂಟೀನಿಗೆ ಕರೆದುಕೊಂಡು ಹೋದ. ಇಬ್ಬರೂ ಚಹಾ ಕುಡಿದರು. ಸುಭಾಷ ಹೆಂಡತಿ ಮಾಡುತ್ತಿದ್ದ ಪುಂಡಿಪಲ್ಯದ ಬಗ್ಗೆ ಹೇಳಿದ, ಅವಳು ಯಾವ ಸಿಟ್ಟಿಗೆ ಎಷ್ಟು ಖಾರ ಹಾಕುತ್ತಿದ್ದಳು ಎಂಬುದನ್ನೂ ಹೇಳಿದ, ಹೇಳುತ್ತಾ ಒಂದೆರಡು ಸಲ ನಕ್ಕ. ಬಸ್ಸಿನವರೆಗೆ ಅವನನ್ನು ಬಿಟ್ಟು, ಮಲ್ಲಕ್ಕನಿಗೆಂದು ಒಂದು ಚಹಾ ಹಿಡಿದುಕೊಂಡು ಶೆಟ್ಟೆಪ್ಪ ವಾಪಸ್ ಬಂದ.

ನಾಲ್ಕನೆಯ ಸಾಲಿನ ಮುಂದೆ ಹೆಂಗಸರ ಗುಂಪು ನೆರೆದಿತ್ತು. ನಡುವೆ ಮಲ್ಲಕ್ಕ ಕೈ ಆಡಿಸುತ್ತಾ ಮಾತಾಡುತ್ತಿದ್ದಳು. ಬಟ್ಟೆ ಅಂಗಡಿಯವಳಂತೆ ಕಾಣುತ್ತಿದ್ದ ಒಬ್ಬಳು ಹರಿದ ಕ್ಯಾನ್ವಾಸನ್ನು ಸವರಿ, ಇಷ್ಟು ಅಚ್ಚುಕಟ್ಟಾಗಿ ಕೆಟ್ಟು ಹೋಗುವಂತೆ ಹೊಲಿಯಲು ಹೇಗೆ ಸಾಧ್ಯವಾಯಿತು, ಯಾರು ಮಾಡಿದ್ದು ಎಂದು ಕೇಳುತ್ತಿದ್ದಳು.

"ನಾನೇರಿ," ಎಂದಳು ಮಲ್ಲಕ್ಕ. "ಹೊಲಿಯೂದೇನು ದೊಡ್ಡದಲ್ಲ. ಗಂಡನ್ನ ಹಿಡದು ಕೂಡಸೂದೇ ದೊಡ್ಡ ಕೆಲಸ."

ಶೆಟ್ಟೆಪ್ಪ ಗುಂಪಿನ ಹಿಂದೆ ನಿಂತು ಕೇಳಿಸಿಕೊಂಡ. ಚಹಾ ಆರುತ್ತದೆಂದು ತಾನೇ ಕುಡಿದ.